ಮೂರನೇ ಎಣಿಕೆ

"ಮತ್ತೆ ನಿಂತೇ ಹೋಯ್ತಲ್ಲಪ್ಪಾ!" ಎಂದು ಮಗಳು ಹಾಡುವುದನ್ನು ಬಿಟ್ಟು ನಕ್ಕಳು.

ಕ್ಷೌರಿಕ ತಪ್ಪೆಲ್ಲ ಗಿಟಾರಿನದೇ ಎಂಬಂತೆ ಅದನ್ನು ದುರುಗುಟ್ಟಿ ನೋಡಿದ. ಇದು ಆರನೇ ಸಲ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ, ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಬರುವವರೆಗಿನ ಹೊತ್ತನ್ನು ಕದ್ದು, ತಿಂಗಳಿಡೀ ಒಬ್ಬನೇ ಕಲಿತಿದ್ದ. ಎಡಗೈ ಬೆರಳುಗಳು ತಂತಿ ಒತ್ತಿ ಒತ್ತಿ ಸುಲಿದು, ಹೇಗೋ ದಾರಿಗೆ ಬಂದಿದ್ದವು. ಬಲಗೈಯೇ ಮೊಂಡು. ಒಂದಕ್ಕೆ ಕೆಳಗೆ, ಎರಡಕ್ಕೆ ಕೆಳಗೆ-ಮೇಲೆ. ಮೂರನೇ ಎಣಿಕೆಗೆ ಕೈ ಕೆಳಗೆ ಬರಬೇಕು, ಆದರೆ ತಂತಿ ಮುಟ್ಟಬಾರದು. ಸದ್ದಿಲ್ಲದ ಏಟು. ಮುಟ್ಟಬೇಡ ಎಂದರೆ ಅವನ ಕೈ ಬರುವುದೇ ಇಲ್ಲ, ಗಾಳಿಯಲ್ಲಿ ಸೆಟೆದು ನಿಂತುಬಿಡುತ್ತದೆ. ಅಲ್ಲಿ ನಿಂತಿತೋ, ಮುಗಿಯಿತು. ನಾಲ್ಕು ಎಲ್ಲಿ ಬೀಳಬೇಕೋ ದೇವರಿಗೇ ಗೊತ್ತು.

ಮಗಳಿಗೆ ಹನ್ನೆರಡು ವರ್ಷ. ಅಪ್ಪ ಅಮ್ಮ ಬೇರೆಯಾದ ಮೇಲೆ ಅವಳು ಅಮ್ಮನ ಜೊತೆಗಿದ್ದಳು. ತಿಂಗಳ ಮೊದಲ ಭಾನುವಾರ ಮಾತ್ರ ಅಪ್ಪನ ಪಾಲು, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ. ಅರ್ಧ ಊರು ಗಡ್ಡ ತುರಿಸಿಕೊಂಡು ಸಲೂನಿಗೆ ಬರುವುದೇ ಭಾನುವಾರ. ಬಂದರೆ ಬರಲಿ, ಅವನು ಅವತ್ತು ಶಟರನ್ನು ಅರ್ಧಕ್ಕೆಳೆದು ಕೂರುತ್ತಿದ್ದ. ಆದರೆ ಈಚೆಗೆ ಅವಳ ಮಾತು ಕಡಿಮೆಯಾಗುತ್ತಿತ್ತು. ಹೋದ ತಿಂಗಳಂತೂ "ಹೂಂ", "ಇಲ್ಲ", "ಸಾಕು" ಇಷ್ಟರಲ್ಲೇ ದಿನ ಮುಗಿದಿತ್ತು. ಹೊರಡುವ ಮುಂಚೆ, ಮನೆ ಬದಲಾಯಿಸಿದ ಗಿರಾಕಿಯೊಬ್ಬ ಮೂಲೆಯಲ್ಲಿ ಬಿಟ್ಟುಹೋಗಿದ್ದ ಗಿಟಾರ್ ನೋಡಿ, "ನೀನು ಇದನ್ನ ನುಡಿಸಿದ್ರೆ ನಾನು ಹಾಡ್ತೀನಪ್ಪ" ಎಂದಿದ್ದಳು. ಆ ಒಂದು ಮಾತಿಗೆ ಅವನು ತಿಂಗಳಿಡೀ ಜೋತುಬಿದ್ದಿದ್ದ.

"ಬಿಡಪ್ಪ, ಕೂದಲು ಕತ್ತರಿಸು. ಅಮ್ಮ ಬರೋ ಹೊತ್ತಾಯ್ತು."

ಗಡಿಯಾರದಲ್ಲಿ ಮೂರೂವರೆ. ಹಾಡು ಕೈತಪ್ಪಿತು ಅಂದುಕೊಂಡ. ಗಿಟಾರನ್ನು ಮೂಲೆಗಿಟ್ಟು ಎದ್ದು, ಹಳೇ ರೂಢಿಯಂತೆ ಕುರ್ಚಿಯ ಕೈಗಳ ಮೇಲೆ ಮಕ್ಕಳನ್ನು ಕೂರಿಸುವ ಹಲಗೆ ಇಟ್ಟ.

"ಅಯ್ಯೋ, ನಾನೇನು ಪಾಪುನಾ?" ಎಂದು ಅವಳೇ ಹಲಗೆಯನ್ನು ತೆಗೆದು ಗೋಡೆಗೆ ಒರಗಿಸಿ ಕೂತಳು. ಅವನು ಕೊರಳಿಗೆ ಬಟ್ಟೆ ಸುತ್ತಿ ಕತ್ತರಿ ಹಿಡಿದ. ಚಿಕ್, ಚಿಕ್, ಚಿಕ್ ಎಂದು ಒಂದು ಬದಿ ಮುಗಿಯುವ ಹೊತ್ತಿಗೆ ಕನ್ನಡಿಯಲ್ಲಿ ಅವಳ ಹುಬ್ಬು ಗಂಟಾಯಿತು.

"ಅಪ್ಪ, ತಡಿ ತಡಿ. ಈಗ ಕೂದಲು ಕತ್ತರಿಸಿದ್ಯಾ?"

"ಇಲ್ಲ."

"ಮತ್ತೆ ಕತ್ತರಿ ಯಾಕೆ ಆಡ್ತು?"

"ಓ, ಅದಾ? ಬಾಚಣಿಗೆ ಕೂದಲು ಎತ್ತೋವರೆಗೂ ಕತ್ತರಿ ಗಾಳೀಲಿ ಆಡ್ತಾನೇ ಇರ್ಬೇಕು ಕಣೇ. ನಿಲ್ಲಿಸಿಬಿಟ್ರೆ, ಮತ್ತೆ ಎಲ್ಲಿ ಶುರು ಮಾಡ್ಬೇಕು ಅಂತ ಕೈಗೆ ಗೊತ್ತಾಗಲ್ಲ."

ಅವಳು ಕುರ್ಚಿಯನ್ನು ಗಿರ್ರನೆ ತಿರುಗಿಸಿದಳು. "ಅಯ್ಯೋ ಪೆದ್ದು! ಅದೇ ಅಲ್ವಾ ಮೂರನೇದು? ಎತ್ಕೋ ಗಿಟಾರು! ಕೈಯಲ್ಲಿ ಕತ್ತರಿ ಇದೆ ಅಂದ್ಕೋ. ಒಂದು, ಎರಡು..."

ಮೂರಕ್ಕೆ ಕೈ ಕೆಳಗಿಳಿಯಿತು. ತಂತಿ ಮುಟ್ಟಲಿಲ್ಲ, ನಿಲ್ಲಲೂ ಇಲ್ಲ. ಮೇಲೆ ಬಂತು, ನಾಲ್ಕಕ್ಕೆ ಸರಿಯಾಗಿ ಬಿತ್ತು. ಇಪ್ಪತ್ತು ವರ್ಷದಿಂದ ದಿನವಿಡೀ ಮಾಡುತ್ತಿದ್ದುದನ್ನು ಕಲಿಯಲು ಒಂದು ತಿಂಗಳು ಒದ್ದಾಡಿದ್ದೆನಲ್ಲ ಎಂದು ಅವನಿಗೆ ನಗು ಬಂತು. ಕೊರಳಿಗೆ ಬಟ್ಟೆ, ತಲೆಯ ಒಂದು ಬದಿ ಗಿಡ್ಡ, ಇನ್ನೊಂದು ಬದಿ ಉದ್ದ, ಅದೇ ಅವತಾರದಲ್ಲಿ ಮಗಳು ಹಾಡಿದಳು. ಹಾಡಿನ ನಾಲ್ಕು ಸಾಲೂ ಮುಗಿದವು. ಯಾರೂ ಹೇಳದೆಯೇ ಅವಳು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಹೊರಗೆ ಸ್ಕೂಟರಿನ ಹಾರ್ನ್ ಆಯಿತು. ಉಳಿದ ಬದಿಯನ್ನು ಅವಸರದಲ್ಲಿ ಸರಿಮಾಡಿ ಬಟ್ಟೆ ಕೊಡವಿದ. ಶಟರಿನ ಕೆಳಗೆ ಬಗ್ಗಿ ಹೊರಟವಳು ಅಲ್ಲೇ ನಿಂತಳು.

"ಅಪ್ಪ, ಮುಂದಿನ ತಿಂಗಳು ಪರೀಕ್ಷೆ. ಬರೋಕಾಗಲ್ಲ. ಬೆಳಿಗ್ಗೆಯಿಂದ ಹೇಳ್ಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ."

"ಅಷ್ಟೇ ತಾನೆ? ಚೆನ್ನಾಗಿ ಓದ್ಕೋ ಮಗಳೇ," ಎಂದ. ಸ್ಕೂಟರು ತಿರುವು ದಾಟಿದ ಮೇಲೆ ಒಳಗೆ ಬಂದು, ನೆಲದ ಮೇಲಿನ ಅವಳ ಕೂದಲನ್ನು ಗುಡಿಸದೆ ಸುಮಾರು ಹೊತ್ತು ಕೂತಿದ್ದ.

ಮುಂದಿನ ತಿಂಗಳ ಮೊದಲ ಭಾನುವಾರ ಪಕ್ಕದ ಬೀದಿಯ ಮೇಷ್ಟ್ರು ಗಡ್ಡ ಕೆರೆಯುತ್ತ ಬಂದು ಶಟರ್ ಬಡಿದರು. "ಮಗಳು ಬರಲ್ಲ ಅಂತ ನೀನೇ ಹೇಳಿದ್ದೆಯಲ್ಲಯ್ಯ. ಎತ್ತು ಮೇಲೆ!"

"ಬರಲ್ಲ ಮೇಷ್ಟ್ರೇ," ಒಳಗಿನಿಂದ ದನಿ ಬಂತು. "ನೀವು ನಾಳೆ ಬನ್ನಿ."

"ಯಾರೂ ಬರದ ದಿನ ಅಂಗಡಿ ಯಾಕಯ್ಯ ಮುಚ್ಚಬೇಕು?"

"ಇದು ಮೂರನೇ ಎಣಿಕೆ ಮೇಷ್ಟ್ರೇ. ನಿಲ್ಲಿಸೋ ಹಾಗಿಲ್ಲ."

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಸೊಂಟ ಹಿಡಿದುಕೊಂಡು ಬಗ್ಗಿ ಇಣುಕಿದರು. ಕುರ್ಚಿ ಕನ್ನಡಿಗೆ ಬೆನ್ನು ಮಾಡಿ ಅವನ ಕಡೆ ತಿರುಗಿತ್ತು. ಅದರ ಕೈಯ ಮೇಲೆ ಒಗೆದು ಮಡಚಿದ ಬಟ್ಟೆ. ಆ ಖಾಲಿ ಕುರ್ಚಿಯ ಎದುರು ಕೂತು ಅವನು ಹಾಡಿಲ್ಲದ ನಾಲ್ಕು ಸಾಲನ್ನೂ ನುಡಿಸಿ ಮುಗಿಸಿದ. ಮತ್ತೆ ಮೊದಲಿನಿಂದ ಎತ್ತಿಕೊಂಡ.