ಗೋಡೆಗೆ ಬಡಿಯುವಷ್ಟು ಜೋರು

ಪ್ಲಗ್ ಹಾಕಲು ಬಗ್ಗಿದ್ದ ಡ್ರೈವರ್ ತಲೆಯೆತ್ತುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಗಿಟಾರ್ ಅಂಗಡಿಯ ರಿಪೇರಿಯವನ ಕೈ ಅವರ ಮಗಳ ಆಂಪ್ಲಿಫೈಯರ್ ಮೇಲೆ ಸರಸರನೆ ಓಡಿ, ಐದು ನಾಬ್‌ಗಳನ್ನೂ ಸೊನ್ನೆಗೆ ತಿರುಗಿಸಿಬಿಟ್ಟಿತ್ತು.

"ಅಯ್ಯೋ, ಏನು ಮಾಡಿಬಿಟ್ರಿ!"

ಹೊಸ ಗಿಟಾರ್‌ಗಳ ಮುಂದೆ ನೆರೆದಿದ್ದ ಜನವೆಲ್ಲ ತಿರುಗಿ ನೋಡಿತು. ರಿಪೇರಿಯವನದು ಮೂವತ್ತು ವರ್ಷದ ಅಭ್ಯಾಸ. ಯಾವ ಆಂಪ್ಲಿಫೈಯರ್ ಎದುರಿಗೆ ಬಂದರೂ ಮೊದಲು ಎಲ್ಲವನ್ನೂ ಸೊನ್ನೆಗೆ ಇಳಿಸಿ ಆಮೇಲೆ ಸ್ವಿಚ್ ಒತ್ತಬೇಕು. ಇಲ್ಲದಿದ್ದರೆ ದಢಕ್ಕನೆ ಸದ್ದು ನುಗ್ಗಿ ಸ್ಪೀಕರ್ ಹರಿದುಹೋದೀತು. ಕಲಿಯಲು ಬಂದವರಿಗೆಲ್ಲ ಇದನ್ನು ತಲೆಗೆ ಮೊಟಕಿ ಹೇಳಿಕೊಟ್ಟಿದ್ದ. ಡ್ರೈವರ್ ಮಗಳಿಗೂ ಹೇಳಿಕೊಟ್ಟಿದ್ದ. ತಂತಿಗಳಿಗೆ ಬೆಸುಗೆ ಹಾಕಿ ಹಾಕಿ ಬೆರಳು ಸುಟ್ಟುಕೊಂಡಿದ್ದ ಅವನಿಗೆ 'ಬೆಸುಗೆ ಮಾಮ' ಎಂದು ಹೆಸರಿಟ್ಟವಳೂ ಅವಳೇ.

ಅವಳೂ ಸೊನ್ನೆಗೆ ಇಳಿಸದೆ ಎಂದೂ ಎದ್ದವಳಲ್ಲ. ಆ ಒಂದು ಮಧ್ಯಾಹ್ನ ಮಾತ್ರ ಗಿಟಾರಿನ ತಂತಿ ಕಿತ್ತುಹೋಗಿ, "ಹತ್ತೇ ನಿಮಿಷ ಅಪ್ಪಾ, ತಂತಿ ತಂದ್ಬಿಡ್ತೀನಿ" ಎಂದು ಸ್ವಿಚ್ ಆರಿಸಿ, ನಾಬ್‌ಗಳನ್ನು ಇದ್ದ ಹಾಗೆಯೇ ಬಿಟ್ಟು ಸ್ಕೂಟರ್ ಹತ್ತಿದ್ದಳು. ಮನೆಗೆ ವಾಪಸ್ ಬಂದದ್ದು ಅವಳ ಹೆಲ್ಮೆಟ್ ಮತ್ತು ಲಕೋಟೆ ಬಿಚ್ಚದ ಒಂದು ತಂತಿ. ಅದಾಗಿ ಹನ್ನೊಂದು ತಿಂಗಳು. ಅಷ್ಟು ದಿನವೂ ಡ್ರೈವರ್ ಆ ಕೋಣೆಗೆ ಯಾರನ್ನೂ ಬಿಡದೆ, ಬಣ್ಣ ಬಳಿಯುವ ಸಣ್ಣ ಬ್ರಷ್ಷಿನಿಂದ, ನಾಬ್ ಅಲುಗದ ಹಾಗೆ ಧೂಳು ಕೊಡವುತ್ತ ಬಂದಿದ್ದರು. ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕೆಂದು ಹೊಳೆದಿರಲಿಲ್ಲ. ಧೂಳಾದರೂ ಇದ್ದಿದ್ದರೆ ಗುರುತು ಉಳಿಯುತ್ತಿತ್ತೇನೋ. ಅದನ್ನೂ ಒರೆಸಿ ಚೊಕ್ಕ ಮಾಡಿ ತಂದಿದ್ದರು.

ಅವರನ್ನು ಇಲ್ಲಿಗೆ ಎಳೆತಂದದ್ದು ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿ. ಹೊಸ ಗಿಟಾರ್, ಆಂಪ್ಲಿಫೈಯರ್‌ಗಳನ್ನು ಕಂಪನಿಯವರೇ ಬಂದು ನುಡಿಸಿ ತೋರಿಸುವ ಸಂಜೆ. ನಿಮ್ಮ ಹಳೆಯದನ್ನು ತಂದರೆ ಅದರ ದನಿಯನ್ನು, ನಾಬ್‌ಗಳು ಇದ್ದದ್ದು ಇದ್ದ ಹಾಗೆ, ನಮ್ಮ ಹೊಸ ಪೆಟ್ಟಿಗೆಯೊಳಗೆ ಶಾಶ್ವತವಾಗಿ ಇಳಿಸಿಕೊಡುತ್ತೇವೆ. ಕಂಪನಿಯವರ ಶಾಶ್ವತಕ್ಕೆ ಎರಡು ವರ್ಷದ ಗ್ಯಾರಂಟಿ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಡ್ರೈವರ್ ಅಷ್ಟು ಕೆಳಗೆ ಓದಿರಲಿಲ್ಲ.

ವಿಷಯ ತಿಳಿದಾಗ ಬೆಸುಗೆ ಮಾಮ ಆಂಪ್ಲಿಫೈಯರ್ ಹತ್ತಿರಕ್ಕೆ ಬಗ್ಗಿದ. ಅದರ ಪಕ್ಕಕ್ಕೆ ಅವಳು ಅಂಟಿಸಿದ್ದ ನೀಲಿ ಬೆಕ್ಕಿನ ಚಿತ್ರ ಆಗ ಕಣ್ಣಿಗೆ ಬಿತ್ತು. ಅಲ್ಲಿಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಅಣ್ಣಾ, ನನ್ನ ಕೈ ಕತ್ತರಿಸಬೇಕು. ಆದ್ರೂ ಕೇಳಿ. ನಾಲ್ಕು ನಾಬ್ ಅವಳು ಎಲ್ಲಿಡ್ತಿದ್ಲು ಅಂತ ನನಗೆ ಗೊತ್ತು, ನಾನೇ ಹೇಳಿಕೊಟ್ಟಿದ್ದು. ಜೋರು ಎಷ್ಟಿತ್ತು ಅನ್ನೋದೊಂದೇ ಗೊತ್ತಿಲ್ಲ. ಅದು ತಪ್ಪಿದ್ರೆ ದನಿನೇ ಬೇರೆ ಆಗುತ್ತೆ. ಅದನ್ನ ನೀವೇ ಹೇಳ್ಬೇಕು."

"ನಾನೇನು ಹೇಳ್ಲಪ್ಪ? ಒಂದಿನಾನೂ ಅವಳ ಎದುರಿಗೆ ಕೂತು ಕೇಳಿದೋನಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಪಕ್ಕದ ರೂಮಲ್ಲಿ ಮಲಗ್ತಿದ್ದೆ. ಸದ್ದು ಜಾಸ್ತಿ ಆದ್ರೆ ಗೋಡೆಗೆ ಗುದ್ದುತಿದ್ದೆ, ಅಷ್ಟೇ."

"ಗುದ್ದಿದ್ರೆ ಏನು ಮಾಡ್ತಿದ್ಲು?"

"ಚೂರು ಇಳಿಸ್ತಿದ್ಲು. ಒಂದು ಕೂದಲಿನಷ್ಟು. ಹಠಮಾರಿ."

"ಆವತ್ತೂ ಗುದ್ದಿದ್ರಾ?"

ಡ್ರೈವರ್ ತಮ್ಮ ಬಲಗೈ ನೋಡಿಕೊಂಡರು. "ಆವತ್ತು ಎರಡು ಸಲ ಗುದ್ದಿದ್ದೆ" ಎಂದರು.

ಬೆಸುಗೆ ಎದ್ದು ನಿಂತ. "ಹಾಗಾದ್ರೆ ಸಿಕ್ತು ಬಿಡಿ. ಈ ಗೋಡೆ ಹಿಂದೆ ನಮ್ಮ ಸಾಮಾನಿನ ಕೋಣೆ ಇದೆ. ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಅವಳು ದಿನಾ ನುಡಿಸ್ತಿದ್ದ ಪಾಠ ನನಗೆ ಬಾಯಿಪಾಠ. ನಾನು ನುಡಿಸ್ತೀನಿ, ಕಂಪನಿಯೋರು ನಿಧಾನಕ್ಕೆ ಜೋರು ಮಾಡ್ತಾ ಬರ್ಲಿ. ನೀವು ಯಾವಾಗ ಗುದ್ದುತಿದ್ರೋ ಆಗ ಗುದ್ದಿ. ಅಲ್ಲಿಂದ ಎರಡು ಕೂದಲು ಕೆಳಗೆ ನಮ್ಮ ಹುಡುಗಿ ಇದ್ದಾಳೆ."

ಡ್ರೈವರ್ ಒಳಗೆ ಹೋದರು. ಬಾಗಿಲು ಮುಚ್ಚಿತು. ಬೆಸುಗೆ ನಾಲ್ಕು ನಾಬ್‌ಗಳನ್ನು ಅವಳು ಇಡುತ್ತಿದ್ದಲ್ಲಿಗೆ ತಿರುಗಿಸಿ, ಗಿಟಾರ್ ಹೆಗಲಿಗೇರಿಸಿ, ಸ್ವರ ಏರುವಾಗ ಎಲ್ಲ ಸರಿಯಿದ್ದು ಇಳಿಯುವಾಗ ಅವಳು ಪ್ರತಿಸಲ ಎಡವುತ್ತಿದ್ದ ಆ ಪಾಠವನ್ನು, ಅವಳು ಎಡವುತ್ತಿದ್ದಲ್ಲೇ ಎಡವಿ ನುಡಿಸತೊಡಗಿದ. ಕಂಪನಿಯವನು ಜೋರಿನ ನಾಬ್ ತಿರುಗಿಸಿದ. ಮೂರು. ನಾಲ್ಕು. ಜನ ಕಣ್ಣು ಮಿಟುಕಿಸದೆ ಗೋಡೆಯನ್ನೇ ನೋಡುತ್ತಿದ್ದರು. ಐದಕ್ಕೆ ಯಾವ ತಂದೆಯಾದರೂ ಹಾಸಿಗೆಯಿಂದ ಎದ್ದು ಕೂರುತ್ತಿದ್ದ. ಗೋಡೆ ಸುಮ್ಮನಿತ್ತು. ಏಳಕ್ಕೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಎಂಟಕ್ಕೆ ಕಿಟಕಿಯ ಗಾಜು ನಡುಗಿತು. ಕಂಪನಿಯವನು ಬೆಸುಗೆಯ ಮುಖ ನೋಡಿದ, ಬೆಸುಗೆ ತಲೆಯಾಡಿಸಿದ. ಹತ್ತಕ್ಕೆ ಬಂದು ನಾಬ್ ನಿಂತಿತು. ಮುಂದಕ್ಕೆ ಅಂಕಿಯಿರಲಿಲ್ಲ. ಗೋಡೆಯ ಆಚೆಯಿಂದ ಒಂದು ಬಡಿತವೂ ಬರಲಿಲ್ಲ.

ಬೆಸುಗೆ ನುಡಿಸುವುದನ್ನು ನಿಲ್ಲಿಸಿ, ಓಡಿಹೋಗಿ ಬಾಗಿಲು ತೆರೆದ. ರಟ್ಟಿನ ಪೆಟ್ಟಿಗೆಗಳ ನಡುವೆ ಡ್ರೈವರ್ ಗೋಡೆಗೆ ಮುಖ ಮಾಡಿ ನಿಂತಿದ್ದರು. ಬಲಗೈ ಮುಷ್ಟಿ ಮೇಲೆತ್ತಿದ್ದದ್ದು ಎತ್ತಿದಂತೆಯೇ ಇತ್ತು, ಗೋಡೆಯಿಂದ ಒಂದು ಗೇಣು ದೂರದಲ್ಲಿ.

"ಯಾಕೆ ನಿಲ್ಲಿಸಿದ್ರಿ?" ಎಂದರು ತಿರುಗದೆ. "ನುಡಿಸ್ಲಿ ಬಿಡಿ ಅವಳು. ನನಗೇನು ನಿದ್ದೆ ಬರ್ತಿಲ್ಲ."