ಪೋಷಕರ ರುಜು

“ಇನ್ನೊಂದು ಸಲ ಒತ್ತು,” ಎಂದರು ವಕೀಲ ಷಡಕ್ಷರಪ್ಪನವರು.

ಪುಟ್ಟಯ್ಯ ಮಸಿಯ ಮೆತ್ತೆಯ ಮೇಲೆ ಹೆಬ್ಬೆರಳು ಹೊರಳಿಸಿ ಕಾಗದಕ್ಕೆ ಒತ್ತಿದ. ಮೂರನೆಯ ಸಲವೂ ಅಷ್ಟೇ. ಗೆರೆ ಇಲ್ಲ, ಸುಳಿ ಇಲ್ಲ. ನೇರಳೆಹಣ್ಣು ಬಿದ್ದು ಜಜ್ಜಿಹೋದಂಥ ಒಂದು ಕಲೆ. ಭದ್ರಾವತಿಯ ಸುಣ್ಣದ ಭಟ್ಟಿಯಲ್ಲಿ ಹದಿನೈದು ವರ್ಷ ದುಡಿದ ಕೈ. ಬೆರಳ ಗೆರೆಗಳನ್ನೆಲ್ಲ ಸುಣ್ಣ ತಿಂದುಹಾಕಿತ್ತು.

ಕಾಗದ ಅವನ ಅಕ್ಕ ವಿಮಲಮ್ಮನದು. ಬಾಲವಿಧವೆ, ಇನ್ನೇನು ಮಾಡುವುದು ಎಂದು ಅವಳನ್ನು ಶಾಲೆಗೆ ಹಾಕಿದ್ದರು. ಗಂಡುಮಗ, ದುಡಿಯಲಿ ಎಂದು ಇವನನ್ನು ಭಟ್ಟಿಗೆ ಹಾಕಿದ್ದರು. ಅವಳೀಗ ಬಿ.ಎ. ಪಾಸಾಗಿ ಶಿವಮೊಗ್ಗದ ಹೆಣ್ಣುಮಕ್ಕಳ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್. ಮುಂಬಯಿ ಸೀಮೆಯ ಒಂದು ಲಾ ಕಾಲೇಜು ಸೀಟು ಕೊಡಲು ಒಪ್ಪಿ, ಅರ್ಜಿಯ ಕೊನೆಯಲ್ಲಿ ಒಂದು ಕಲಮು ಸೇರಿಸಿತ್ತು: ಹೆಂಗಸಾದರೆ ಗಂಡನ, ಅವನಿಲ್ಲದಿದ್ದರೆ ತಂದೆಯ, ಅವನೂ ಇಲ್ಲದಿದ್ದರೆ ಸೋದರನ ಒಪ್ಪಿಗೆ ಬೇಕು, ಅದಕ್ಕೊಬ್ಬ ವಕೀಲರ ಸಾಕ್ಷಿ ಬೇಕು. ಹೀಗೆ ಮೂವತ್ತನಾಲ್ಕು ವರ್ಷದ ಪದವೀಧರೆಗೆ, ಅವಳೇ ಸೊಂಟದ ಮೇಲೆ ಹೊತ್ತು ಆಡಿಸಿದ, ಅಕ್ಷರ ಬಾರದ ತಮ್ಮ ಪೋಷಕನಾಗಿದ್ದ. ಅಂದಿನ ಸಂಜೆಯ ಟಪಾಲು ತಪ್ಪಿದರೆ ಸೀಟೂ ತಪ್ಪಿದಂತೆ. ಹೋಗಲೋ ಬೇಡವೋ ಎಂದು ಎರಡು ತಿಂಗಳು ತೂಗಿ, ಇನ್ನೂ ತೀರ್ಮಾನವಾಗದೆಯೇ ಅವಳು ಕೋಟೆ ಬೀದಿಯ ಈ ವಕೀಲರ ಮನೆಯ ಮೆಟ್ಟಿಲು ಹತ್ತಿದ್ದಳು.

“ಇದು ಹೆಬ್ಬೆಟ್ಟೇ ಅಲ್ಲ ತಾಯಿ. ನಾನು ಸಾಕ್ಷಿ ಹಾಕೋಕಾಗಲ್ಲ,” ವಕೀಲರು ಕನ್ನಡಕ ತೆಗೆದಿಟ್ಟರು. “ಒಳ್ಳೇದೇ ಆಯ್ತು ಬಿಡಿ. ಹೋದ ವಾರ ವಾಚನಾಲಯದಲ್ಲಿ ಸ್ತ್ರೀ ವಿದ್ಯಾಭ್ಯಾಸದ ಮೇಲೆ ಎರಡು ಗಂಟೆ ಭಾಷಣ ಮಾಡಿದೋನು ನಾನೇ. ಓದಬೇಕು, ಬೇಡ ಅನ್ನಲ್ಲ. ಆದ್ರೆ ಖಾಯಂ ನೌಕರಿ ಬಿಟ್ಟು ಕೋರ್ಟಿಗೆ ಬರೋದಾ? ಹೆಂಗಸಿನ ಹತ್ರ ಯಾವ ಕಕ್ಷಿಗಾರ ಬರ್ತಾನೆ?”

“ಮೊದಲನೆಯವನು ಇಲ್ಲೇ ನಿಂತಿದಾನೆ.” ವಿಮಲಮ್ಮ ತಮ್ಮನ ಕಡೆ ಕೈ ತೋರಿದಳು.

“ಇವನಾ? ಇವನದೆಂಥ ಕೇಸು?”

“ಮಲವಗೊಪ್ಪದ ಗದ್ದೆ, ಸ್ವಾಮಿ,” ಪುಟ್ಟಯ್ಯ ಮಸಿಯ ಬೆರಳನ್ನು ಎಲ್ಲಿಗೂ ತಾಗಿಸದೆ ಹಿಡಿದುಕೊಂಡೇ ಹೇಳಿದ. “ಮೂರು ವರ್ಷದ ಹಿಂದೆ, ಒಂದು ವರ್ಷದ ಗುತ್ತಿಗೆ ಕಾಗದ ಅಂತ ಒತ್ತಿಸ್ಕೊಂಡ್ರಿ. ಆಮೇಲೆ ನೋಡಿದ್ರೆ ನಿಮ್ಮ ಹೆಸರಿಗೆ ಕ್ರಯ ಆಗಿತ್ತು.”

“ಅದೆಲ್ಲ ಓದಿ ಹೇಳಿಯೇ ಮಾಡಿದ್ದು ಮಾರಾಯ. ಕ್ರಯಪತ್ರದಲ್ಲಿ ನಿನ್ನ ಹೆಬ್ಬೆಟ್ಟೇ ಇದೆ. ನನ್ನ ಕಣ್ಣೆದುರಿಗೇ ಒತ್ತಿದೀಯ.”

“ಯಾವ ಹೆಬ್ಬೆಟ್ಟು?” ಎಂದಳು ವಿಮಲಮ್ಮ.

ವಕೀಲರ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು.

“ಮೂರು ವರ್ಷದ ಹಿಂದೇನೂ ಇವನದು ಇದೇ ಕೈ, ಇದೇ ಭಟ್ಟಿ. ಒಂದು ಉಪಕಾರ ಮಾಡಿ. ‘ಈ ಗುರುತು ಹೆಬ್ಬೆಟ್ಟು ಅಲ್ಲವಾದ್ದರಿಂದ ಸಾಕ್ಷಿ ಹಾಕಲಾರೆ’ ಅಂತ ಒಂದು ಸಾಲು ಬರೆದು ರುಜು ಮಾಡಿಕೊಡಿ. ಶಾಲೇಲಿ ನಾವೂ ಅರ್ಜಿ ವಾಪಸು ಮಾಡೋವಾಗ ಕಾರಣ ಬರೀತೀವಿ.”

ಷಡಕ್ಷರಪ್ಪನವರು ಎದ್ದರು. ಕಿಟಕಿಯ ಹತ್ತಿರ ಹೋಗಿ ಬಾಯಲ್ಲಿದ್ದುದನ್ನು ಉಗಿದು ಬಂದರು. ಕನ್ನಡಕ ಏರಿಸಿ, ಕಾಗದವನ್ನು ಬಿಸಿಲಿಗೆ ಹಿಡಿದರು.

“ಬೆಳಕು ಸರಿ ಇರಲಿಲ್ಲ ಕಣಮ್ಮ. ಇಲ್ಲಿ ನೋಡಿ, ಅಂಚಿನಲ್ಲಿ ಸಣ್ಣಗೆ ಗೆರೆ ಕಾಣುತ್ತೆ. ಚೆನ್ನಾಗೇ ಇದೆ! ತನ್ನಿ, ಸಾಕ್ಷಿ ಹಾಕಿಬಿಡ್ತೀನಿ.” ಕಾಗದವನ್ನು ಮೇಜಿನ ಮೇಲಿಟ್ಟು ಲೇಖನಿ ಎತ್ತಿಕೊಂಡರು.

ವಿಮಲಮ್ಮ ಅರ್ಜಿಯ ಮೇಲೆ ಅಂಗೈ ಇಟ್ಟಳು.

“ಬೇಡ ಅಕ್ಕ,” ಪುಟ್ಟಯ್ಯ ಅವಳ ಕಿವಿಯ ಹತ್ತಿರ ಬಗ್ಗಿದ. “ಹೆಬ್ಬೆಟ್ಟಲ್ಲ ಅಂತಲೇ ಬರೆಸ್ಕೊ. ಗದ್ದೆ ವಾಪಸು ಬರುತ್ತೆ.”

“ಆ ಚೀಟಿ ಹಿಡ್ಕೊಂಡು ಯಾವ ವಕೀಲರ ಮನೆಗೆ ಹೋಗ್ತೀಯೋ? ಇವರ ವಿರುದ್ಧ ನಿಲ್ಲೋರು ಈ ಊರಲ್ಲಿ ಒಬ್ಬರಿದ್ದಿದ್ರೆ ನಾನ್ಯಾಕೆ ಲಾ ಓದೋ ಯೋಚನೆ ಮಾಡ್ತಿದ್ದೆ?” ಎಂದಳು. ಹಾಗೆ ಹೇಳಿದ ಮೇಲೆ, ಎರಡು ತಿಂಗಳಿಂದ ಸಿಗದಿದ್ದ ಉತ್ತರ ಅವಳ ಕಿವಿಗೂ ಬಿತ್ತು. ಕೈ ತೆಗೆದಳು.

‘ಈ ಹೆಬ್ಬೆಟ್ಟು ನನ್ನ ಸಮಕ್ಷಮ ಒತ್ತಿದ್ದು, ನಿಜವಾದದ್ದು’ ಎಂದು ವಕೀಲರು ದುಂಡಗೆ ಬರೆದು ರುಜು ಹಾಕಿದರು. ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. “ಚೆನ್ನಾಗಿ ಓದಿ ಬನ್ನಿ ತಾಯಿ, ಊರಿಗೇ ಹೆಮ್ಮೆ. ಮುಂದಿನ ಭಾಷಣದಲ್ಲಿ ನಿಮ್ಮ ಹೆಸರು ಹೇಳ್ತೀನಿ.”

ಟಪಾಲು ಕಚೇರಿಯ ದಾರಿಯಲ್ಲಿ ಪುಟ್ಟಯ್ಯ ಮಸಿಯ ಬೆರಳನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಕೇಳಿದ:

“ಅಂದ್ರೆ, ಗದ್ದೆ ಹೋಯ್ತಾ ಅಕ್ಕ?”

“ಇವತ್ತಿಗೆ ಹೋಯ್ತು. ನಿಂದು ಹೆಬ್ಬೆಟ್ಟು ಅಂತ ಇವತ್ತು ನಾನೇ ಒಪ್ಪಿಸಿ ಬಂದಿದೀನಿ. ಅಲ್ಲ ಅಂತ ಒಪ್ಪಿಸೋದು ಹೇಗೆ ಅಂತ ಕಲಿತು ಬರ್ತೀನಿ.”

“ಎಷ್ಟು ದಿನ ಬೇಕು?”

“ಎರಡು ವರ್ಷ.”

“ಅಷ್ಟು ಯಾಕಕ್ಕ?” ಪುಟ್ಟಯ್ಯನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ವಕೀಲರಿಗೆ ಎಲೆಯಡಿಕೆ ಉಗಿದು ಬರೋಷ್ಟು ಹೊತ್ತು ಸಾಕಾಯ್ತಲ್ಲ.”