ಮದುವೆ ಕಾರು

ಮಗಳು ಗಂಡನ ಮನೆಗೆ ಹೋಗುವುದಾದರೆ ತಾತನ ಕಾರಿನಲ್ಲೇ ಎಂದು ಅಪ್ಪ ಹಟ ಹಿಡಿದಿದ್ದ. ಅದನ್ನು ಬಿಚ್ಚಿ ಜೋಡಿಸುವುದರಲ್ಲೇ ವರ್ಷಗಳು ಸವೆದಿದ್ದವು. ಒಂದು ಭಾಗ ಸಿಕ್ಕಿತೆನ್ನುವಾಗ ಇನ್ನೊಂದು ಕಾಣೆಯಾಗುತ್ತಿತ್ತು. ಹೆಣ್ಣು ನೋಡಲು ಬಂದವರಿಗೆಲ್ಲ ಉಪ್ಪಿಟ್ಟು ಕೊಟ್ಟು ಕೊಟ್ಟು ಅವಳಿಗೂ ಸಾಕಾಗಿತ್ತು.

"ಬಾಡಿಗೆ ಕಾರಲ್ಲಿ ಹೋದ್ರೆ ಕಟ್ಟಿದ ತಾಳಿ ಬಿಚ್ಚಿಹೋಗುತ್ತಾ?" ಶೆಡ್ಡಿನ ಬಾಗಿಲಲ್ಲಿ ನಿಂತು ಅಮ್ಮ ಗೊಣಗಿದಳು. "ಈ ಗಂಡೂ ಕಾಯಲ್ಲ, ನೋಡ್ತಿರಿ."

"ಕಳೆದುಹೋಗಿರೋ ಡೈನಮೋ ಒಂದು ಸಿಗ್ಲಿ ಕಣೇ, ನಾಳೆನೇ ಲಗ್ನ."

ಅಮ್ಮ ಸಿಡುಕುತ್ತ ಒಳಗೆ ಹೋದಳು. ಮಗಳು ಟಾರ್ಚು ಹಿಡಿದು ನಿಂತಿದ್ದಳು.

"ಈ ಗಂಡೂ ಬೇಡ್ವೇನಮ್ಮಾ?" ಅಪ್ಪ ಇಂಜಿನ್ನಿನಿಂದ ತಲೆ ಎತ್ತದೆ ಕೇಳಿದ.

ಅವಳು ಬೇಡವೆಂದು ಟಾರ್ಚಿನ ಬೆಳಕನ್ನು ಅತ್ತಿತ್ತ ಆಡಿಸಿದಳು.

"ಸರಿ ಬಿಡು. ನಿನ್ನ ಟ್ರಂಕಲ್ಲಿರೋ ಡೈನಮೋಗೆ ಒಂಚೂರು ಎಣ್ಣೆ ಸವರಿಡು, ತುಕ್ಕು ಹಿಡಿದೀತು."